ಹುಲಗೂರು ಸೀಮೆಯ ನೆಲ: ಎರೆ, ಮಸಾರಿ, ಮಡ್ಡಿ

ಸಹ್ಯಾದ್ರಿಯ ಸೆರಗಿನಿಂದ ಮೂಡಣಕ್ಕೆ ಇಳಿದು ಬರುವ ಭೂಮಿಯು, ಹಾನಗಲ್ಲಿನ ಭತ್ತದ ಗದ್ದೆಗಳನ್ನೂ ಕೆರೆಗಳನ್ನೂ ಹಿಂದೆ ಬಿಟ್ಟು, ಬಂಕಾಪುರ ಶಿಗ್ಗಾವಿಗಳ ಏರಿಳಿತದ ಕೆಂಪು ದಿನ್ನೆಗಳನ್ನು ಹಾಯ್ದು, ಮರಗಳು ವಿರಳವಾಗುತ್ತ ಹೋದಂತೆ ಆಕಾಶವು ವಿಶಾಲವಾಗುತ್ತ ಬರಲು, ಕಡೆಗೆ ಗುಡಗೇರಿ ಲಕ್ಷ್ಮೇಶ್ವರಗಳ ದಿಕ್ಕಿನ ಕಪ್ಪು ಬಯಲಾಗಿ ಹರಡಿಕೊಳ್ಳುವ ಎಡೆಯಲ್ಲಿ ಹುಲಗೂರು ಎಂಬ ಗ್ರಾಮವಿದೆ. ಇಂದು ಅದು ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿಗೆ ಸೇರಿದ್ದು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವ ತನಕ ಅವಿಭಕ್ತ ಧಾರವಾಡ ಜಿಲ್ಲೆಗೂ, ಆಂಗ್ಲರ ಆಳಿಕೆಯಲ್ಲಿ ಮುಂಬಯಿ ಇಲಾಖೆಯ ಬಂಕಾಪುರ ತಾಲೂಕಿಗೂ, ಅದಕ್ಕೂ ಬಹಳ ಹಿಂದೆ ಪುಲಿಗೆರೆ ಮುನ್ನೂರು ಎಂಬ ಪ್ರಾಚೀನ ನಾಡಿಗೂ ಸೇರಿದ್ದಿತು. ಹಜರತ್ ಶಾ ಖಾದ್ರಿಯವರ ದರ್ಗೆಯಿಂದಲೂ, ಆ ಪರಂಪರೆಗೂ ಶಿಶುನಾಳದ ಶರೀಫ ಸಾಹೇಬರ ಮನೆತನಕ್ಕೂ ಇದ್ದ ಗುರುಶಿಷ್ಯ ಸಂಬಂಧದಿಂದಲೂ ಈ ಊರಿನ ಹೆಸರು ಕನ್ನಡಿಗರ ಕಿವಿಗೆ ಪರಿಚಿತವಾಗಿದೆ.

ಊರಿನ ಚರಿತ್ರೆಯೆಂದೊಡನೆ ಅರಸರನ್ನೂ ದಾನಿಗಳನ್ನೂ ಸಂತರನ್ನೂ ನೆನೆಯುವುದು ನಮ್ಮ ಅಭ್ಯಾಸ. ಆದರೆ ಇವರೆಲ್ಲರಿಗೂ ಅನ್ನವಿತ್ತ ನೆಲಕ್ಕೂ ತನ್ನದೇ ಆದ ಚರಿತ್ರೆಯೊಂದುಂಟು. ಮನುಷ್ಯರು ಆ ನೆಲವನ್ನು ಹೇಗೆ ಅರಿತರು, ಯಾವ ಅಳತೆಯಿಂದ ಅಳೆದರು, ಯಾವ ಉದ್ದೇಶದಿಂದ ಉತ್ತಮ ಅಧಮಗಳೆಂದು ವಿಂಗಡಿಸಿದರು ಎಂಬುದೇ ಆ ಚರಿತ್ರೆಯ ಸಾರ. ಹುಲಗೂರು ಸೀಮೆಯ ಮಣ್ಣು ಮೂರು ವಿಧದ ಪರೀಕ್ಷಕರ ಕೈಯಲ್ಲಿ ಹಾಯ್ದು ಬಂದಿದೆ: ಹದವನ್ನೂ ಹಸಿಯನ್ನೂ ನೋಡುವ ಒಕ್ಕಲಿಗನು ಮೊದಲನೆಯವನು, ತೆರಿಗೆಯನ್ನು ಲೆಕ್ಕಹಾಕುವ ಪ್ರಭುತ್ವವು ಎರಡನೆಯದು, ಮಣ್ಣಿನ ಉತ್ಪತ್ತಿಯನ್ನೂ ರಚನೆಯನ್ನೂ ಶೋಧಿಸುವ ವಿಜ್ಞಾನವು ಮೂರನೆಯದು. ಮೊದಲನೆಯವನ ವಿಂಗಡಣೆಯಲ್ಲಿ ದನ ಮೇಯುವ ಒಣನೆಲಕ್ಕೆ ಸಲ್ಲುತ್ತಿದ್ದ ಸ್ಥಾನವು ಎರಡನೆಯದರಲ್ಲಿ ಇಲ್ಲವಾಯಿತು. ಮೂರನೆಯದು ಆ ಸ್ಥಾನವನ್ನು ಮರಳಿ ಕೊಡುವ ಸಾಧನಗಳನ್ನು ಒದಗಿಸಿದ್ದರೂ ನಾವು ಇನ್ನೂ ಅವುಗಳನ್ನು ಸರಿಯಾಗಿ ಬಳಸಿಕೊಂಡಿಲ್ಲ. ಈ ಅನ್ಯಾಯದ ಬಗೆಯನ್ನು ತಿಳಿಯುವುದಕ್ಕಾಗಿಯೇ ಇದನ್ನು ಬರೆಯುತ್ತಿರುವುದು.

ಮೊದಲು ಒಕ್ಕಲಿಗನ ವಿಂಗಡಣೆ. ಈ ಭಾಗದ ರೈತನು ನೆಲವನ್ನು ಮುಖ್ಯವಾಗಿ ಎರಿ (ಎರೆ), ಮಸಾರಿ ಎಂದು ಎರಡಾಗಿ ಹೇಳುವನು. ಕಲ್ಲುಹರಳು ಮಿಕ್ಕಿದ ತೆಳು ನೆಲವನ್ನು ಗರಸು ಎಂದೂ, ಎತ್ತರದಲ್ಲಿ ಬಂಡೆ ಮೇಲೆದ್ದು ನೇಗಿಲಿಗೆ ಬಗ್ಗದೆ ಹುಲ್ಲಿಗೆ ಬಿಟ್ಟ ನೆಲವನ್ನು ಮಡ್ಡಿ ಎಂದೂ, ತಗ್ಗಿನಲ್ಲಿ ಉಪ್ಪು ಮೇಲೆ ಬಂದು ಬೆಳ್ಳಗೆ ಕಾಣುವ ನೆಲವನ್ನು ಸವಳು ಎಂದೂ ಕರೆಯುವನು. ಹೆಸರುಗಳು ಇಷ್ಟೇ ಆದರೂ ಒಂದೊಂದು ಹೆಸರಿನ ಹಿಂದೆಯೂ ಯಾವ ಮಳೆಗೆ ಬಿತ್ತಬೇಕು, ಎಷ್ಟು ಎತ್ತು ಹೂಡಬೇಕು, ಎಂಥ ಬೀಜ ಹಾಕಬೇಕು, ಎಷ್ಟು ಗೊಬ್ಬರ ಹೊರಬೇಕು ಎಂಬ ತಲೆಮಾರುಗಳ ಅನುಭವವು ಅಡಗಿದೆ.

ಎರೆಯ ಭೂಮಿಯ ಸ್ವಭಾವವು ವಿಲಕ್ಷಣವಾದುದು. ಬೇಸಿಗೆಯಲ್ಲಿ ಅದು ಒಣಗಿ ಕುಗ್ಗಿ, ಕೈ ಇಳಿಯುವಷ್ಟು ಅಗಲವಾಗಿ ಬಾಯಿಬಿಡುವುದು. ಗಾಳಿಗೆ ಹಾರಿದ ಮೇಲ್ಮಣ್ಣೂ ಕಸಕಡ್ಡಿಯೂ ಆ ಬಿರುಕುಗಳಲ್ಲಿ ಬಿದ್ದು ಆಳಕ್ಕೆ ಸೇರುವುವು. ಮಳೆ ಹತ್ತಿದ ಮೇಲೆ ಅದೇ ನೆಲವು ನೀರುಂಡು ಉಬ್ಬಿ, ಬಿರುಕುಗಳನ್ನು ಮುಚ್ಚಿಕೊಂಡು, ಒಳಗಿನ ಮಣ್ಣನ್ನು ಮೇಲಕ್ಕೆ ಒತ್ತುವುದು. ಹೀಗೆ ವರ್ಷವರ್ಷವೂ ಮೇಲಿನದು ಕೆಳಗೂ ಕೆಳಗಿನದು ಮೇಲಕ್ಕೂ ಸಂಚರಿಸುವುದರಿಂದ, ಎರೆಯು ಅರ್ಧಾಂಶ ತನ್ನನ್ನು ತಾನೇ ಉತ್ತುಕೊಳ್ಳುವ ಭೂಮಿಯೆಂದರೆ ಅತಿಶಯೋಕ್ತಿಯಾಗದು. ಆದರೆ ಇದೇ ಕಾರಣದಿಂದ ಅದರ ಬೇಸಾಯವು ಕಠಿಣವಾದುದು: ಹಸಿಯಿದ್ದಾಗ ಕಾಲಿಟ್ಟರೆ ಮೆತ್ತಿಕೊಳ್ಳುವುದು, ಒಣಗಿದಾಗ ರಂಟೆ ಇಳಿಯದು, ನಡುವಣ ಹದದ ದಿನಗಳು ಕೆಲವೇ. ಮುಂಗಾರಿನ ನೀರನ್ನೆಲ್ಲ ಒಡಲಲ್ಲಿ ಹಿಡಿದಿಟ್ಟುಕೊಂಡು, ಉತ್ತರೆ ಹಸ್ತ ಚಿತ್ತೆಗಳಲ್ಲಿ ಕೂರಿಗೆಯಿಂದ ಬಿತ್ತಿದ ಹಿಂಗಾರಿ ಜೋಳಕ್ಕೂ ಕಡಲೆಗೂ ಕುಸುಬೆಗೂ ಆ ಬಳಿಕ ಮಳೆಯೇ ಬಾರದಿದ್ದರೂ ಛಳಿಗಾಲದುದ್ದಕ್ಕೂ ಹಸಿಯನ್ನು ಉಣಿಸುವುದು ಅದರ ಮಹದ್ಗುಣ. ಧಾರವಾಡದ ಹತ್ತಿಯನ್ನು ಹೆಸರಾಗಿಸಿದ ಮಣ್ಣೂ ಇದೇ.

ಮಸಾರಿಯು ಇದಕ್ಕೆ ವ್ಯತಿರಿಕ್ತವಾದುದು. ಕೆಂಪಾಗಿಯೋ ಕಂದಾಗಿಯೋ ಇರುವ, ಮರಳು ಬೆರೆತ, ಸಡಿಲವಾದ ಈ ಮಣ್ಣು ಮಳೆಯನ್ನು ಬೇಗ ಕುಡಿದು ಬೇಗ ಕಳೆದುಕೊಳ್ಳುವುದು. ಎರೆಗೆ ಹದ ಬರಬೇಕಾದರೆ ದೊಡ್ಡ ಮಳೆಗಳು ಬೇಕು. ಮಸಾರಿಯು ಒಂದು ಸಣ್ಣ ಮಳೆಗೂ ಎಚ್ಚರಗೊಂಡು ಬಿತ್ತನೆಗೆ ಸಿದ್ಧವಾಗುವುದು. ಆದುದರಿಂದ ಶೇಂಗಾ, ತೊಗರಿ, ಹೆಸರು, ಸಾವೆ, ನವಣೆಗಳಂತಹ ಮುಂಗಾರಿ ಬೆಳೆಗಳು ಇಲ್ಲಿಗೆ ಒಪ್ಪುವುವು. ಮುಂಗಾರು ಕೈಕೊಟ್ಟ ವರ್ಷ ಹಿಂಗಾರಿಯನ್ನೂ, ಹಿಂಗಾರು ಕೈಕೊಟ್ಟ ವರ್ಷ ಮುಂಗಾರಿಯನ್ನೂ ನೆಚ್ಚಿ ಬದುಕಬೇಕಾದ ಈ ನಾಡಿನಲ್ಲಿ, ಎರೆಯದೊಂದು ತುಂಡು ಮಸಾರಿಯದೊಂದು ತುಂಡು ಇರುವ ಮನೆತನಕ್ಕೆ ಎರಡು ಕಾಲಗಳ ಆಸರೆಯಿರುವುದು.

ಇನ್ನು ಗರಸು ಮತ್ತು ಮಡ್ಡಿ. ಗೇಣುದ್ದ ಅಗೆಯುವುದರೊಳಗೆ ಗುದ್ದಲಿಗೆ ಸವೆದ ಬಂಡೆ ತಾಕುವ ಈ ನೆಲದಲ್ಲಿ ನೀರು ನಿಲ್ಲದು, ಬೇರು ಆಳಕ್ಕೆ ಹೋಗದು. ಆದರೂ ಇದು ಬರಡಲ್ಲ. ರೋಹಿಣಿ ಮೃಗಶಿರಗಳ ಮೊದಲ ಹನಿಗಳಿಗೆ ಎಲ್ಲಕ್ಕಿಂತ ಮುಂಚೆ ಹಸುರಾಗುವುದು ಇಲ್ಲಿಯ ಹುಲ್ಲೇ. ಕರಿಕೆಯೂ ಹಂಚಿ ಹುಲ್ಲೂ ಬಾರಿಯ ಪೊದೆಗಳೂ ಜಾಲಿಯೂ ತಂಗಡಿಯೂ ಹರಡಿಕೊಂಡ ಈ ದಿನ್ನೆಗಳೇ, ಕೆಳಗಿನ ಹೊಲಗಳೆಲ್ಲ ಬೆಳೆಯಿಂದ ತುಂಬಿ ದನಕ್ಕೆ ಪ್ರವೇಶವಿಲ್ಲದ ತಿಂಗಳುಗಳಲ್ಲಿ, ಊರಿನ ಎತ್ತು ಎಮ್ಮೆ ಆಡು ಕುರಿಗಳನ್ನು ಸಾಕುತ್ತಿದ್ದುವು. ಹಗಲಲ್ಲಿ ಮಡ್ಡಿಯ ಹುಲ್ಲನ್ನು ಮೇದ ದನವು ಸಂಜೆ ಕೊಟ್ಟಿಗೆಗೆ ಬಂದು ಹಾಕಿದ ಸಗಣಿಯು ತಿಪ್ಪೆ ಸೇರಿ, ಬೇಸಿಗೆಯಲ್ಲಿ ಬಂಡಿಯೇರಿ ಎರೆಗೂ ಮಸಾರಿಗೂ ಗೊಬ್ಬರವಾಗಿ ಹೋಗುತ್ತಿದ್ದಿತು. ಸುಗ್ಗಿಯ ಬಳಿಕ ಕುರುಬರ ಹಿಂಡುಗಳನ್ನು ಹೊಲದಲ್ಲಿ ರಾತ್ರಿ ನಿಲ್ಲಿಸಿ, ಅದಕ್ಕೆ ಪ್ರತಿಯಾಗಿ ಕಾಳುಕಡಿ ಕೊಡುವ ಪದ್ಧತಿಯಿಂದಲೂ ಅದೇ ಸಾರವು ಮೇಲಿನಿಂದ ಕೆಳಕ್ಕೆ ಇಳಿಯುತ್ತಿದ್ದಿತು. ಎರೆಯ ಹೊಲದ ಫಲವತ್ತತೆಯ ಒಂದು ಪಾಲು ಹೀಗೆ ಮಡ್ಡಿಯಿಂದ ಬಂದ ಸಾಲ. ಉಳುವ ನೆಲವೂ ಮೇಯುವ ನೆಲವೂ ಒಂದೇ ವ್ಯವಸ್ಥೆಯ ಎರಡು ಅಂಗಗಳೆಂಬುದನ್ನು ಗ್ರಾಮದ ಜೀವನವು ಅರಿತಿದ್ದಿತು.

ಮಣ್ಣಿನ ಈ ಪರಿಚಯವು ಬೇಸಾಯಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಯಂದು ಎರೆಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವುದೂ, ಆಷಾಢದಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಕೂರಿಸಿ ಹಾಡುವುದೂ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದೂ ಇಂದಿಗೂ ಈ ಭಾಗದಲ್ಲಿ ನಡೆಯುವ ಆಚಾರಗಳು. ಮಾಳಿಗೆಯ ಮೇಲೆ ಹಾಕುವ ಮಣ್ಣಿಗೂ ಗೋಡೆಗೆ ಕಲಸುವ ಮಣ್ಣಿಗೂ ಭೇದವುಂಟೆಂಬುದು ಇಲ್ಲಿಯ ಗೃಹಸ್ಥರಿಗೆ ತಿಳಿದ ಸಂಗತಿ. ಶರೀಫ ಸಾಹೇಬರು ಸೋರುವ ಮಾಳಿಗೆಯನ್ನು ತತ್ತ್ವದ ರೂಪಕವಾಗಿಸಿದಾಗ ಅದು ಕೇಳುವವರ ಹೃದಯಕ್ಕೆ ಒಡನೆಯೇ ತಲುಪಿದುದು, ಆ ಮಣ್ಣಿನ ಮಾಳಿಗೆಯ ಕೆಳಗೇ ಅವರೆಲ್ಲರೂ ಬದುಕುತ್ತಿದ್ದುದರಿಂದ.

ಗ್ರಂಥಸ್ಥವಾದ ಭೂಮಿಯ ವಿಂಗಡಣೆಯೂ ನಮ್ಮಲ್ಲಿ ಪ್ರಾಚೀನವಾದುದು. ಅಮರಕೋಶದ ಭೂಮಿವರ್ಗದಲ್ಲಿ ಸರ್ವಸಸ್ಯಗಳಿಗೆ ಯೋಗ್ಯವಾದ ಉರ್ವರೆ, ಉಪ್ಪು ತುಂಬಿದ ಊಷರ, ನೀರಿಲ್ಲದ ಮರು, ಉಳದೆ ಬಿಟ್ಟ ಖಿಲ, ಹಸುರು ಹುಲ್ಲಿನ ಶಾದ್ವಲ, ಜಲಸಮೃದ್ಧವಾದ ಅನೂಪ ಎಂಬ ಭೇದಗಳೂ, ನದಿಯ ನೀರಿನಿಂದ ಬೆಳೆಯುವ ನಾಡು ನದೀಮಾತೃಕ, ಮಳೆಯನ್ನೇ ನಂಬಿದ ನಾಡು ದೇವಮಾತೃಕ ಎಂಬ ವಿಭಾಗವೂ ಕಾಣುವುವು. ಈ ಪಟ್ಟಿಯಲ್ಲಿ ಹುಲ್ಲಿನ ನೆಲಕ್ಕೆ ಸ್ವತಂತ್ರವಾದ ಹೆಸರಿರುವುದನ್ನು ಗಮನಿಸತಕ್ಕದ್ದು. ಕನ್ನಡದಲ್ಲಿಯೂ, ಕಲ್ಯಾಣ ಚಾಲುಕ್ಯರ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ, ನೆಲದ ಬಣ್ಣ, ಗಿಡಮರ, ಹುತ್ತ ಮೊದಲಾದ ಲಕ್ಷಣಗಳಿಂದ ಅಂತರ್ಜಲವನ್ನು ಊಹಿಸುವ ಶಾಸ್ತ್ರವೂ ವೃಕ್ಷಾಯುರ್ವೇದವೂ ಸೇರಿಕೊಂಡಿವೆ.

ಅದೇ ಚಾಲುಕ್ಯರ ಕಾಲದ ಶಾಸನಗಳು ಹುಲಗೂರಿನಲ್ಲಿಯೂ ದೊರೆತು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಅಚ್ಚಾಗಿವೆ. ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಎಂದು ಜೋಡಿಯಾಗಿ ಶಾಸನಗಳಲ್ಲಿ ಕೀರ್ತಿತವಾದ ಈ ನಾಡುಗಳ ದಾನಪತ್ರಗಳನ್ನು ನೋಡಿದರೆ, ಭೂಮಿಯನ್ನು ಗದ್ದೆ, ಬೆದ್ದಲೆ, ತೋಂಟ ಎಂದು ನೀರಿನ ಆಧಾರದಿಂದ ವಿಂಗಡಿಸಿದ್ದರೆಂದೂ, ಮತ್ತರು ಕಮ್ಮಗಳಲ್ಲಿ ಅಳೆಯುತ್ತಿದ್ದರೆಂದೂ, ಅಳೆಯುವ ಕೋಲುಗಳು ಊರಿಂದೂರಿಗೆ ಬೇರೆಯಾಗಿದ್ದುದರಿಂದ ಯಾವ ಕೋಲಿನ ಅಳತೆಯೆಂಬುದನ್ನು ಸ್ಪಷ್ಟವಾಗಿ ಬರೆಯಿಸುತ್ತಿದ್ದರೆಂದೂ ತಿಳಿದುಬರುತ್ತದೆ. ದತ್ತಭೂಮಿಯ ಎಲ್ಲೆಯನ್ನು ಹಳ್ಳ, ಹುತ್ತ, ಬನ್ನಿಯ ಮರ, ನಟ್ಟ ಕಲ್ಲು ಇವುಗಳಿಂದ ಗುರುತಿಸಿದ ಆ ಶಾಸನಗಳು, ಒಂದರ್ಥದಲ್ಲಿ, ನಮ್ಮ ನಾಡಿನ ಮೊದಲ ಭೂಮಾಪನದ ದಾಖಲೆಗಳೇ ಆಗಿವೆ. ತರುವಾಯ ಹದಿನೇಳನೆಯ ಶತಮಾನದಲ್ಲಿ, ಇಲ್ಲಿಂದ ತೆಂಕಣಕ್ಕಿರುವ ಕೆಳದಿಯ ಶಿವಪ್ಪ ನಾಯಕನು ತನ್ನ ಪ್ರಸಿದ್ಧವಾದ ಶಿಸ್ತನ್ನು ಏರ್ಪಡಿಸಿದಾಗ, ಮಣ್ಣಿನ ಗುಣವನ್ನೂ ನೀರಿನ ಸೌಕರ್ಯವನ್ನೂ ಒಟ್ಟಿಗೆ ಪರಿಗಣಿಸಿ ಭೂಮಿಯನ್ನು ಉತ್ತಮದಿಂದ ಅಧಮಾಧಮದ ತನಕ ಐದು ತರಗತಿಗಳಲ್ಲಿ ಇರಿಸಿ, ಅನೇಕ ವರ್ಷಗಳ ಬೆಳೆಯ ಸರಾಸರಿಯನ್ನು ನೋಡಿ ಕಂದಾಯವನ್ನು ಗೊತ್ತುಪಡಿಸಿದನೆಂದು ಹೇಳುತ್ತಾರೆ. ಪ್ರಭುತ್ವದ ದೃಷ್ಟಿಯು ಹೀಗೆ ಮಣ್ಣಿನ ಮೇಲೆ ಬಿದ್ದಿತು. ಆದರೆ ಗುದ್ದಲಿ ಹಿಡಿದು ಪ್ರತಿಯೊಂದು ಹೊಲವನ್ನೂ ಅಗೆದು ನೋಡುವ ಕಾಲವು ಇನ್ನೂ ಮುಂದೆ ಇದ್ದಿತು.

1818ರಲ್ಲಿ ಪೇಶ್ವೆಯರ ಆಳಿಕೆ ಕೊನೆಗೊಂಡು ಧಾರವಾಡ ಸೀಮೆಯು ಕಂಪನಿ ಸರಕಾರದ ಕೈಸೇರಿದಾಗ, ಹೊಸ ಅಧಿಕಾರಿಗಳಿಗೆ ಎದುರಾದ ಮೊದಲ ಪ್ರಶ್ನೆಯೇ ನೆಲದ ಕಂದಾಯ. ಪ್ರಿಂಗಲ್ ಎಂಬ ಅಧಿಕಾರಿಯು 1820ರ ದಶಕದ ಕೊನೆಯಲ್ಲಿ ದಖ್ಖನಿನಲ್ಲಿ, ಪ್ರತಿ ಹೊಲದ ಬೆಳೆಯಿಂದ ಬೇಸಾಯದ ಖರ್ಚನ್ನು ಕಳೆದು ಉಳಿದ ನಿವ್ವಳ ಆದಾಯದ ಮೇಲೆ ತೆರಿಗೆ ಹಾಕಲು ಯತ್ನಿಸಿ, ಆ ಲೆಕ್ಕಗಳ ಜಟಿಲತೆಯಲ್ಲಿ ವಿಫಲನಾದನು. ಆ ಬಳಿಕ 1830ರ ದಶಕದಲ್ಲಿ ಇಂದಾಪುರದ ಕಡೆ ಗೋಲ್ಡ್‌ಸ್ಮಿಡ್ ಹಾಗೂ ವಿಂಗೇಟ್ ಎಂಬವರು ಬೇರೊಂದು ಮಾರ್ಗ ಹಿಡಿದರು: ಆದಾಯದ ಊಹೆಯನ್ನು ಬಿಟ್ಟು, ಕಣ್ಣಿಗೆ ಕಾಣುವ ಕೈಗೆ ಸಿಗುವ ಮಣ್ಣಿನ ಗುಣಗಳನ್ನೇ ಅಳೆದು ಹೊಲಗಳ ತಾರತಮ್ಯವನ್ನು ನಿರ್ಣಯಿಸುವುದು. ಇದೇ ವಿಂಗೇಟನು ಮುಂದೆ ದಕ್ಷಿಣ ಮರಾಠಾ ದೇಶವೆಂದು ಆಗ ಕರೆಯಲಾಗುತ್ತಿದ್ದ ನಮ್ಮ ಭಾಗದ ಮೋಜಣಿಯ, ಎಂದರೆ ಭೂಮಾಪನದ, ಮೇಲ್ವಿಚಾರಕನಾಗಿ ಬಂದನು. 1847ರಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಮೂವರೂ ಸೇರಿ ಸಲ್ಲಿಸಿದ ಸಂಯುಕ್ತ ವರದಿಯು ಮುಂಬಯಿ ಇಲಾಖೆಯ ಮೋಜಣಿಗೆಲ್ಲ ಆಧಾರಗ್ರಂಥವಾಯಿತು.

ಆ ವರದಿಯ ವಿಧಾನವು ಸರಳವೂ ಸೂಕ್ಷ್ಮವೂ ಆದುದರಿಂದ ಸ್ವಲ್ಪ ವಿವರವಾಗಿ ಹೇಳುವುದು ಯುಕ್ತ. 33 ಅಡಿಯ ಸರಪಳಿಯಿಂದ ಹೊಲವನ್ನು ಅಳೆದು, 40 ಗುಂಟೆಗೆ ಒಂದು ಎಕರೆಯಂತೆ ಕ್ಷೇತ್ರವನ್ನು ಗೊತ್ತುಮಾಡಿ, ಮೂಲೆಗಳಲ್ಲಿ ಬಾಂದುಗಲ್ಲುಗಳನ್ನು ನೆಟ್ಟ ಬಳಿಕ, ಮಣ್ಣಿನ ತರಗತಿಯನ್ನು ಗೊತ್ತುಮಾಡುವ ಪ್ರತಬಂದಿಯ ಕಾರಕೂನನು ಆ ಹೊಲದ ನಕ್ಷೆಯನ್ನು ಹಲವು ಚೌಕಗಳಾಗಿ ವಿಭಾಗಿಸಿ, ಪ್ರತಿ ಚೌಕದಲ್ಲಿಯೂ ಅಗೆಯಿಸಿ ಮಣ್ಣಿನ ಜಾತಿಯನ್ನೂ ಆಳವನ್ನೂ ಬರೆದುಕೊಳ್ಳುವನು. ಮಣ್ಣಿಗೆ ಮೂರು ಜಾತಿಗಳು: ನುಣುಪಾದ ಏಕರೂಪದ ಕಣಗಳುಳ್ಳ, ಕಡುಗಪ್ಪಿನಿಂದ ಕಪ್ಪುಗಂದಿನ ತನಕ ಬಣ್ಣವಿರುವ ಮಣ್ಣು ಮೊದಲನೆಯದು, ಏಕರೂಪವಾದರೂ ಅದಕ್ಕಿಂತ ಒರಟಾದ, ಸಾಮಾನ್ಯವಾಗಿ ಕೆಂಪಾದ ಮಣ್ಣು ಎರಡನೆಯದು, ಹರಳು ಮಿಶ್ರವಾದ ಇಲ್ಲವೆ ಪುಡಿಪುಡಿಯಾಗುವ, ತಿಳಿಗಂದಿನಿಂದ ಬೂದಿಬಣ್ಣದ ತನಕದ ಮಣ್ಣು ಮೂರನೆಯದು. ಇವು ನಮ್ಮ ಒಕ್ಕಲಿಗನ ಎರಿ, ಮಸಾರಿ, ಗರಸುಗಳಿಗೆ ಬಹುಮಟ್ಟಿಗೆ ಹೊಂದುವುದನ್ನು ಓದುಗರು ಕಾಣಬಹುದು. ಆಳವನ್ನು ಮೊಳದ ಲೆಕ್ಕದಲ್ಲಿ, ಒಂದೂಮುಕ್ಕಾಲು ಮೊಳದಿಂದ ಕಾಲು ಮೊಳದ ತನಕ ಹಿಡಿದು, ಒಟ್ಟು 9 ತರಗತಿಗಳನ್ನು ಮಾಡಿ, ಮೇಲಿನದಕ್ಕೆ 16 ಆಣೆ, ಅದರ ಕೆಳಗಿನವಕ್ಕೆ ಕ್ರಮವಾಗಿ 14, 12, 10, 8, 6, ನಾಲ್ಕೂವರೆ, 3 ಹಾಗೂ ಕೊನೆಯದಕ್ಕೆ 2 ಆಣೆ ಎಂದು ಬೆಲೆ ಕಟ್ಟಲಾಯಿತು.

ಇದರ ಮೇಲೆ ದೋಷಗಳ ಗಣನೆ. ಸುಣ್ಣದ ಹರಳುಗಳ ಮಿಶ್ರಣ, ಮರಳಿನ ಮಿಶ್ರಣ, ಇಳಿಜಾರು, ಹಿಡಿತವಿಲ್ಲದಿರುವಿಕೆ, ನೀರನ್ನು ಒಳಕ್ಕೆ ಬಿಡದಿರುವಿಕೆ, ಹರಿಯುವ ನೀರಿನ ಕೊರೆತಕ್ಕೆ ಸಿಕ್ಕುವಿಕೆ, ಮೇಲುನೀರಿನ ಅತಿಶಯ ಎಂಬ ಒಂದೊಂದು ದೋಷಕ್ಕೂ ಒಂದೊಂದು ಚಿಹ್ನೆಯಿದ್ದಿತು. ದೋಷವೊಂದು ಕಂಡರೆ ಮಣ್ಣು ಒಂದು ತರಗತಿ ಕೆಳಕ್ಕೆ ಇಳಿಯುವುದು. ಚೌಕಗಳ ಆಣೆಗಳನ್ನೆಲ್ಲ ಕೂಡಿ ಸರಾಸರಿ ತೆಗೆದರೆ ಆ ಹೊಲದ ಆಣೆವಾರಿ ಸಿದ್ಧವಾಗುವುದು. ರಾಸಾಯನಿಕ ಪ್ರಯೋಗಶಾಲೆಯಿಲ್ಲದ ಕಾಲದಲ್ಲಿ, ಗುದ್ದಲಿ, ಮೊಳಕೋಲು, ಅನುಭವದ ಕಣ್ಣು ಇಷ್ಟನ್ನೇ ನೆಚ್ಚಿ, ಲಕ್ಷಾಂತರ ಹೊಲಗಳನ್ನು ಒಂದೇ ನಿಯಮದಿಂದ ಅಳೆದ ಈ ಕಾರ್ಯವು ನಿಜವಾಗಿಯೂ ಶ್ಲಾಘನೀಯವಾದುದು. ದರವನ್ನು 30 ವರ್ಷಗಳ ತನಕ ಬದಲಿಸುವುದಿಲ್ಲವೆಂದು ಅಭಯವಿತ್ತುದರಿಂದ ರೈತನಿಗೆ ಧೈರ್ಯವೂ ಬಂದಿತು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫ ಸಾಹೇಬರ ಜೀವಿತದ ನಡುಗಾಲದಲ್ಲಿಯೇ, 1840ರ ದಶಕದಿಂದ ಮೊದಲ್ಗೊಂಡು, ಸರಪಳಿ ಹಿಡಿದ ಮೋಜಣಿಯವರು ಧಾರವಾಡ ಜಿಲ್ಲೆಯ ಹಳ್ಳಿಗಳನ್ನು ಒಂದೊಂದಾಗಿ ಸಂಚರಿಸಿ ಈ ಕೆಲಸವನ್ನು ಪೂರೈಸಿದರು.

ಆದರೆ ಈ ಅಳತೆಗೋಲಿನ ಒಳಗೇ ಒಂದು ಪಕ್ಷಪಾತ ಅಡಗಿದ್ದಿತು. ಅದು ಅಧಿಕಾರಿಗಳ ದುರುದ್ದೇಶದಿಂದ ಬಂದುದಲ್ಲ, ಅವರು ಕೇಳಿಕೊಂಡ ಪ್ರಶ್ನೆಯಿಂದಲೇ ಬಂದುದು. ಮೂರನೆಯ ಜಾತಿಯ ಮಣ್ಣು ಎಷ್ಟೇ ನಿರ್ದೋಷವಾಗಿದ್ದರೂ ಆ ಕೋಷ್ಟಕದಲ್ಲಿ 6 ಆಣೆಗಿಂತ ಮೇಲೇರುವಂತಿರಲಿಲ್ಲ. ಕಾಲು ಮೊಳ ಆಳದ ಗರಸು 2 ಆಣೆಗೆ ನಿಂತಿತು. ಅದಕ್ಕೂ ತೆಳುವಾದ, ರಂಟೆ ಹೂಡಲಾರದ ಮಡ್ಡಿಯು ಪ್ರತಬಂದಿಗೇ ಅರ್ಹವಲ್ಲದೆ ಖರಾಬು ಎಂಬ ಕಲಮಿನಲ್ಲಿ ಬಿದ್ದಿತು. ಬೇಸಾಯದ ತೆರಿಗೆಯನ್ನು ಅಳೆಯಹೊರಟವರಿಗೆ ಬೇಸಾಯವಾಗದ ನೆಲವು ಶೂನ್ಯವಾಗಿ ಕಂಡುದು ಸ್ವಾಭಾವಿಕ. ಊರ ದನಗಳಿಗೆಂದು ಉಚಿತ ಗಾಯರಾಣವನ್ನು ತೆಗೆದಿಡುವ ಅಧಿಕಾರವನ್ನು 1879ರ ಮುಂಬಯಿ ಭೂಕಂದಾಯ ಕಾಯಿದೆಯು ಮೋಜಣಿಯ ಅಧಿಕಾರಿಗಳಿಗೆ ಕೊಟ್ಟಿತೆಂಬುದು ನಿಜ. ಆದರೆ ಗಾಯರಾಣವೆಂದು ಬರೆದಿಟ್ಟ ನೆಲದ ಮಣ್ಣು ಎಂಥದು, ಅದರ ಆಳವೆಷ್ಟು, ಅದು ಎಷ್ಟು ದನವನ್ನು ಹೊರಬಲ್ಲುದು ಎಂಬುದನ್ನು ಪಕ್ಕದ ಹೊಲದಲ್ಲಿ ಅಗೆದು ನೋಡಿದಂತೆ ಇಲ್ಲಿ ಅಗೆದು ನೋಡಲಿಲ್ಲ. ಹೊಲಕ್ಕೆ ಆಣೆಯ ಲೆಕ್ಕ ದೊರೆಯಿತು. ಹುಲ್ಲಿನ ನೆಲಕ್ಕೆ ಎಕರೆಯ ಲೆಕ್ಕ ಮಾತ್ರ ದೊರೆಯಿತು.

ಮೋಜಣಿಯ ಈ ಪಕ್ಷಪಾತದ ಪರಿಣಾಮವು ಆ ಕಾಯಿದೆ ಬರುವ ಮೊದಲೇ ಕಾಣಿಸಿಕೊಂಡಿದ್ದಿತು. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಲಂಕಾಶೈರಿನ ಗಿರಣಿಗಳಿಗೆ ಹತ್ತಿಯ ಬರ ತಟ್ಟಿದಾಗ, ಧಾರವಾಡದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಉಳುವ ನೆಲದ ಮೇಲಿನ ಹಸಿವು ಹೆಚ್ಚಿದಂತೆ ಮೇಯುವ ನೆಲವು ಕುಗ್ಗುವುದು ಎಲ್ಲ ದೇಶಗಳಲ್ಲಿಯೂ ಕಾಣುವ ನಿಯಮ. ಮುಂದೆ 1876ರಿಂದ 1878ರ ತನಕದ ಮಹಾಕ್ಷಾಮದಲ್ಲಿ ಮನುಷ್ಯರೊಡನೆ ದನಕರುಗಳೂ ಮೇವಿಲ್ಲದೆ ಅಪಾರ ಸಂಖ್ಯೆಯಲ್ಲಿ ಅಳಿದುಹೋದಾಗ, ಎತ್ತಿಲ್ಲದ 16 ಆಣೆಯ ಎರೆಯೂ ಉಳಲಾಗದೆ ಬೀಳು ಬೀಳುವುದೆಂಬ ಕಠೋರ ಸತ್ಯವನ್ನು ಈ ನಾಡು ಕಲಿಯಬೇಕಾಯಿತು.

ಈ ನಡುವೆ ಮೂರನೆಯ ಪರೀಕ್ಷಕನು ಬಂದಿದ್ದನು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಕ್ರಿಸ್ಟಿ, ನ್ಯೂಬೋಲ್ಡ್ ಮೊದಲಾದವರು ಈ ಭಾಗದ ಶಿಲೆಗಳನ್ನೂ ಕಪ್ಪು ಮಣ್ಣನ್ನೂ ಕುರಿತು ಬರೆದರು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞನು ದಕ್ಷಿಣ ಮರಾಠಾ ದೇಶದ ಭೂರಚನೆಯನ್ನು ಕುರಿತ ತನ್ನ ದೊಡ್ಡ ಗ್ರಂಥವನ್ನು 1876ರಲ್ಲಿ ಪ್ರಕಟಿಸಿ, ಮುಂದೆ ಇಲ್ಲಿಯ ಪುರಾತನ ಶಿಲಾಸ್ತೋಮಕ್ಕೆ ಧಾರವಾಡದ ಹೆಸರನ್ನೇ ಇಟ್ಟು, ಆ ಹೆಸರು ಜಗತ್ತಿನ ಭೂವಿಜ್ಞಾನದಲ್ಲಿ ಶಾಶ್ವತವಾಗುವಂತೆ ಮಾಡಿದನು. ಎರೆಯು ಏಕೆ ಕಪ್ಪು, ಅದು ಎಲ್ಲಿಂದ ಬಂತು ಎಂಬುದು ಅಂದಿನ ಪಂಡಿತರನ್ನು ಬಹುಕಾಲ ಕಾಡಿತು. ಅಗ್ನಿಶಿಲೆಯು ಶಿಥಿಲವಾಗಿ ಆದುದೆಂದು ಕೆಲವರು, ನೀರಿನ ತಳದಲ್ಲಿ ನಿಂತ ಕೆಸರೆಂದು ಕೆಲವರು, ಹಳೆಯ ಕಾಡು ಕೊಳೆತು ಆದ ಕಪ್ಪೆಂದು ಕೆಲವರು ವಾದಿಸಿದರು. ರಷ್ಯದ ಕಪ್ಪು ಮಣ್ಣಿನೊಡನೆ ಇದನ್ನು ಹೋಲಿಸಿದವರೂ ಉಂಟು. ಆದರೆ 1883ರಲ್ಲಿ ದೊಕುಚಾಯೆವ್ ಎಂಬ ವಿಜ್ಞಾನಿಯು ರಷ್ಯದ ಆ ಮಣ್ಣನ್ನು ಕುರಿತು ಬರೆದು, ಮಣ್ಣೆಂಬುದು ಶಿಲೆ, ಹವೆ, ಜೀವಿ, ನೆಲದ ಏರಿಳಿತ, ಕಾಲ ಎಂಬ ಐದರ ಸಂಯೋಗದಿಂದ ಹುಟ್ಟುವ ಸ್ವತಂತ್ರ ವಸ್ತುವೆಂದು ಸ್ಥಾಪಿಸಿದ ಮೇಲೆ, ಇವೆರಡರ ಅಂತರವು ಸ್ಪಷ್ಟವಾಗುತ್ತ ಬಂತು. ಅಲ್ಲಿಯ ಕಪ್ಪು ಹುಲ್ಲಿನ ಬೇರುಗಳು ಕೊಳೆತು ಕೂಡಿದ ಸಾವಯವದ ಸಮೃದ್ಧಿಯಿಂದ ಬಂದುದು; ನಮ್ಮ ಎರೆಯಲ್ಲಿ ಸಾವಯವಾಂಶವು ಅಲ್ಪವೇ, ಅದು ಜೇಡಿಯ ಅತಿಸೂಕ್ಷ್ಮ ಕಣಗಳಿಗೆ ಅಂಟಿಕೊಂಡು ಗಾಢವಾಗಿ ಕಾಣುವುದು. ನೀರು ಸೇರಿದಾಗ ಪದರ ಪದರವಾಗಿ ಉಬ್ಬುವ ಸ್ಮೆಕ್ಟೈಟ್ ಜಾತಿಯ ಜೇಡಿಯೇ ಎರೆಯ ಬಿರುಕಿಗೂ ಹಸಿಯ ಸಂಗ್ರಹಕ್ಕೂ ಕಾರಣ. ಮಸಾರಿಯ ಕೆಂಪಿಗೆ ಕಬ್ಬಿಣದ ಆಕ್ಸೈಡುಗಳು ಕಾರಣ.

1930ರ ದಶಕದಲ್ಲಿ ಪೂರ್ವ ಆಫ್ರಿಕದಲ್ಲಿ ದುಡಿಯುತ್ತಿದ್ದ ಮಿಲ್ನ್ ಎಂಬ ವಿಜ್ಞಾನಿಯು, ಗುಡ್ಡದ ನೆತ್ತಿಯಿಂದ ಕಣಿವೆಯ ತಳದ ತನಕ ಮಣ್ಣುಗಳು ಒಂದಕ್ಕೊಂದು ಕೊಂಡಿಯಾಗಿ ಸರಪಳಿಯಂತೆ ಸಾಗುವುವೆಂದೂ, ಮೇಲಿನದನ್ನು ಬಿಟ್ಟು ಕೆಳಗಿನದನ್ನು ತಿಳಿಯಲಾಗದೆಂದೂ ತೋರಿಸಿದನು. ಶಿಗ್ಗಾವಿಯ ದಿನ್ನೆಗಳಿಂದ ಹುಲಗೂರಿನ ಬಯಲಿಗೆ ಇಳಿಯುವ ಯಾವನೇ ಪಥಿಕನಿಗೆ ಈ ತತ್ತ್ವವು ಪ್ರತ್ಯಕ್ಷವಾಗುವುದು: ನೆತ್ತಿಯಲ್ಲಿ ಮಡ್ಡಿ, ಇಳುಕಲಿನಲ್ಲಿ ಗರಸು ಮತ್ತು ಮಸಾರಿ, ತಗ್ಗಿನಲ್ಲಿ ಎರೆ, ನೀರು ನಿಲ್ಲುವ ಕಡೆ ಸವಳು. ಮೇಲಿನ ಹುಲ್ಲು ಮೇದು ಸವೆದು ನೆಲ ಬರಿದಾದರೆ, ಮಳೆಯ ನೀರು ತಡೆಯಿಲ್ಲದೆ ಧಾವಿಸಿ ಕೆಳಗಿನ ಒಡ್ಡನ್ನು ಒಡೆದು, ಎರೆಯ ಮೇಲೆ ಹರಳು ಹರಡುವುದು. ಆದಕಾರಣ ಖರಾಬೆಂದು ಬರೆದ ನೆಲವೇ 16 ಆಣೆಯ ನೆಲದ ಕಾವಲುಗಾರ.

ಅಮೆರಿಕದಲ್ಲಿ 1960ರಲ್ಲಿ ಏಳನೆಯ ಸನ್ನಿಹಿತ ರೂಪವಾಗಿ ಹೊರಬಂದು 1975ರಲ್ಲಿ ಪೂರ್ಣಗೊಂಡ ಮೃತ್ತಿಕಾ ವರ್ಗೀಕರಣವನ್ನು ನಮ್ಮ ದೇಶವೂ ಅಂಗೀಕರಿಸಿತು. 1976ರಲ್ಲಿ ಸ್ಥಾಪಿತವಾಗಿ ನಾಗಪುರವನ್ನು ಕೇಂದ್ರವಾಗಿ ಹೊಂದಿದ, ಬೆಂಗಳೂರಿನಲ್ಲಿ ಪ್ರಾದೇಶಿಕ ಶಾಖೆಯುಳ್ಳ ರಾಷ್ಟ್ರೀಯ ಮೃತ್ತಿಕಾ ಸಮೀಕ್ಷಾ ಸಂಸ್ಥೆಯು ಈ ಕ್ರಮದಿಂದಲೇ ಕರ್ನಾಟಕದ ಮಣ್ಣುಗಳ ನಕ್ಷೆಗಳನ್ನು ಸಿದ್ಧಪಡಿಸಿದೆ. ಇದರಂತೆ, ಶೇಕಡಾ 30ಕ್ಕೆ ಕಡಿಮೆಯಿಲ್ಲದ ಜೇಡಿಯಿದ್ದು ಕಾಲಕಾಲಕ್ಕೆ ಬಿರಿದು ಮುಚ್ಚುವ ಆಳವಾದ ಎರೆಯು ವರ್ಟಿಸಾಲ್ ಗಣಕ್ಕೆ, ಜೇಡಿಯು ಕೆಳಪದರಕ್ಕೆ ಇಳಿದು ನೆಲೆನಿಂತ ಕೆಂಪು ಮಣ್ಣು ಆಲ್ಫಿಸಾಲ್ ಗಣಕ್ಕೆ, ಪದರಗಳು ಇನ್ನೂ ಬಲಿಯುತ್ತಿರುವ ಮಣ್ಣು ಇನ್ಸೆಪ್ಟಿಸಾಲ್ ಗಣಕ್ಕೆ, ಪದರಗಳೇ ಮೂಡದ ಎಳೆಯ ಮಣ್ಣು ಎಂಟಿಸಾಲ್ ಗಣಕ್ಕೆ ಸೇರುವುವು. ಬಂಡೆಯು 50 ಸೆಂಟಿಮೀಟರಿನೊಳಗೇ ತಾಕುವ ಒಣನಾಡಿನ ತೆಳು ಗರಸು ಲಿಥಿಕ್ ಉಸ್ಟಾರ್ಥೆಂಟ್ ಎಂಬ ಉಪವರ್ಗದಲ್ಲಿ ನಿಲ್ಲುವುದು. ಹೆಸರು ಪರಕೀಯವಾದರೂ ಇದರಲ್ಲಿ ಒಂದು ಗೌರವವುಂಟು: ಇಲ್ಲಿ ಮಡ್ಡಿಯ ಮಣ್ಣು ಅಧಮವಲ್ಲ, ಖರಾಬಲ್ಲ, ತನ್ನ ಲಕ್ಷಣಗಳಿಂದಲೇ ಗುರುತಿಸಲ್ಪಡುವ, ಇತರ ಮಣ್ಣುಗಳಿಗೆ ಸಮಾನವಾದ ಒಂದು ಜಾತಿ. ಇದರೊಡನೆ ಬಂದ ಭೂಸಾಮರ್ಥ್ಯದ ವಿಂಗಡಣೆಯು ನೆಲವನ್ನು ಎಂಟು ವರ್ಗಗಳಾಗಿ ಮಾಡಿ, ಮೊದಲ ನಾಲ್ಕನ್ನು ಉಳುಮೆಗೂ, ಮುಂದಿನ ಮೂರನ್ನು ಹುಲ್ಲಿಗೂ ಕಾಡಿಗೂ, ಕೊನೆಯದನ್ನು ವನ್ಯಜೀವಿಗಳಿಗೂ ಜಲರಕ್ಷಣೆಗೂ ಮೀಸಲಾಗಿ ಹೇಳುತ್ತದೆ. ಮೇಯುವ ನೆಲವನ್ನು ಅದರ ಯೋಗ್ಯತೆಗನುಸಾರವಾಗಿ ಅಳೆಯುವ ಕೋಲು ಹೀಗೆ ನಮ್ಮ ಕೈಗೆ ಬಂದಿದೆ.

ಆದರೂ ವ್ಯವಹಾರದಲ್ಲಿ ಹಳೆಯ ದೃಷ್ಟಿಯೇ ಮುಂದುವರಿದಿದೆ. 1956ರಲ್ಲಿ ಕರ್ನಾಟಕವು ಒಂದುಗೂಡಿ, 1964ರ ಭೂಕಂದಾಯ ಕಾಯಿದೆಯೂ 1966ರ ನಿಯಮಗಳೂ ಬಂದಾಗ, ನೂರು ದನಗಳಿಗೆ 12 ಹೆಕ್ಟೇರಿನಂತೆ ಗೋಮಾಳವನ್ನು ಕಾದಿರಿಸಬೇಕೆಂಬ ನಿಯಮವಾಯಿತು. ಆದರೆ ಎರೆಯ ಹಳ್ಳಿಗೂ ಗರಸಿನ ಹಳ್ಳಿಗೂ ಅದೇ 12 ಹೆಕ್ಟೇರು. ಆಳವಾದ ನೆಲದ ಒಂದು ಹೆಕ್ಟೇರು ಕೊಡುವ ಹುಲ್ಲನ್ನು ತೆಳು ನೆಲದ ಒಂದು ಹೆಕ್ಟೇರು ಕೊಡಲಾರದೆಂಬುದು ಲೆಕ್ಕಕ್ಕೆ ಬರಲಿಲ್ಲ. ರಾಣೆಬೆನ್ನೂರಿನ ಸುತ್ತಲಿನ, ಕೃಷ್ಣಮೃಗಗಳು ಸಂಚರಿಸುವ ಒಣ ಹುಲ್ಲುಗಾವಲು 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವಾದರೂ, ಅದರ ಬಹುಭಾಗದಲ್ಲಿ ನೀಲಗಿರಿಯ ತೋಪುಗಳು ಎದ್ದುವು. ಮರವಿಲ್ಲದ ನೆಲವು ಬರಿದಾದ ನೆಲವೆಂಬ ಭಾವನೆಯೇ ಇದರ ಮೂಲ. 1985ರಲ್ಲಿ ರಾಷ್ಟ್ರಮಟ್ಟದಲ್ಲಿ ಮಂಡಳಿಯೊಂದನ್ನು ಸ್ಥಾಪಿಸಿದಾಗ ಅದಕ್ಕೆ ಇಟ್ಟ ಹೆಸರು ಕೂಡ ಬಂಜರು ಭೂಮಿಯ ಅಭಿವೃದ್ಧಿಯದೇ.

ಆದರೆ ಈ ವಿಷಯದಲ್ಲಿ ನಾವು ಸಾಧನಹೀನರಲ್ಲ. ಝಾನ್ಸಿಯಲ್ಲಿ 1962ರಲ್ಲಿ ಸ್ಥಾಪಿತವಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರವು ಧಾರವಾಡದಲ್ಲಿಯೇ ಇದೆ. 1947ರಲ್ಲಿ ಅಲ್ಲಿ ಆರಂಭವಾದ ಕೃಷಿ ಕಾಲೇಜು 1986ರಿಂದ ವಿಶ್ವವಿದ್ಯಾನಿಲಯವಾಗಿ ಬೆಳೆದಿದೆ. ಹುಲಗೂರಿಗೆ ದೂರವಲ್ಲದ ಬಂಕಾಪುರದ ಕೋಟೆಯೊಳಗೆ ಕಿಲಾರಿ ತಳಿಯ ದನಗಳನ್ನು ಸಾಕುವ ಸರಕಾರಿ ಕ್ಷೇತ್ರವಿದೆ. ಮಣ್ಣನ್ನು ಬಲ್ಲವರೂ ಹುಲ್ಲನ್ನು ಬಲ್ಲವರೂ ದನವನ್ನು ಬಲ್ಲವರೂ ಇಷ್ಟು ಸಮೀಪದಲ್ಲಿರುವಾಗ, ಹಳ್ಳಿಯ ಗಾಯರಾಣದ ಮಣ್ಣಿನ ಆಳ, ಹರಳಿನ ಪ್ರಮಾಣ, ಇಳಿಜಾರು, ಅಲ್ಲಿ ಬೆಳೆವ ಹುಲ್ಲಿನ ಜಾತಿಗಳು, ಅದು ಹೊರಬಲ್ಲ ದನದ ಸಂಖ್ಯೆ ಇವುಗಳನ್ನು ಹೊಲದ ಪಹಣಿಯಷ್ಟೇ ಎಚ್ಚರಿಕೆಯಿಂದ ಬರೆದಿಡುವುದು ಅಸಾಧ್ಯವೇನಲ್ಲ. ವಿಂಗೇಟನ ಕಾರಕೂನರು ಗುದ್ದಲಿ ಮೊಳಕೋಲುಗಳಿಂದ ಮಾಡಿದುದನ್ನು, ಎಲ್ಲ ಉಪಕರಣಗಳೂ ಇರುವ ನಾವು ಮಾಡದಿದ್ದರೆ ಅದು ಜ್ಞಾನದ ಕೊರತೆಯಲ್ಲ, ಇಚ್ಛೆಯ ಕೊರತೆ.

ವಿಂಗಡಣೆಯೆಂಬುದು ವಿಂಗಡಿಸುವವನ ಪ್ರಶ್ನೆಗೆ ಅಧೀನವಾದುದು. ಈ ನೆಲ ಎಷ್ಟು ತೆರಿಗೆ ಕೊಡುವುದು ಎಂದು ಕೇಳಿದವರಿಗೆ ಮಡ್ಡಿಯು ಖರಾಬೆಂದು ಉತ್ತರವಿತ್ತಿತು. ಈ ನೆಲ ಯಾರನ್ನು ಸಾಕುತ್ತದೆ, ಯಾವ ನೆಲವನ್ನು ಕಾಯುತ್ತದೆ ಎಂದು ಕೇಳಿದ್ದರೆ ಅದು ಬೇರೆ ಉತ್ತರವನ್ನು ಕೊಡುತ್ತಿದ್ದಿತು. ಹುಲಗೂರಿನ ಎರೆಗೆ ದೊರೆತ ಮಾನವು ಯುಕ್ತವಾದುದೇ. ಅದನ್ನು ಕಡಿಮೆಮಾಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಎರೆಯ ಮೇಲ್ಗಡೆ ನಿಂತು, ಮಳೆಯ ಮೊದಲ ಹೊಡೆತವನ್ನು ತಾನು ತಾಳಿಕೊಂಡು, ಎತ್ತಿಗೆ ಮೇವನ್ನೂ ಹೊಲಕ್ಕೆ ಸಾರವನ್ನೂ ಶತಮಾನಗಳಿಂದ ಒದಗಿಸುತ್ತ ಬಂದ ತೆಳುಮಣ್ಣಿನ ಆ ದಿನ್ನೆಗಳಿಗೂ ಗ್ರಾಮದ ದಫ್ತರದಲ್ಲಿ ಅವುಗಳ ನಿಜವಾದ ಗುಣದಿಂದಲೇ ಒಂದು ಸ್ಥಾನವನ್ನು ಕೊಡಬೇಕು. ಏಕೆಂದರೆ ಆ ನೆಲವನ್ನು ಕಳೆದುಕೊಂಡ ಊರಿನಲ್ಲಿ 16 ಆಣೆಯ ನೆಲವೂ ಬಹುಕಾಲ 16 ಆಣೆಯಾಗಿ ಉಳಿಯಲಾರದು.